ಗಡಿನಾಡಿನ ಮಹಿಳೆಗೆ ಕ್ಯಾನ್ಸರ್‌ಗಿಂತ ವಿಳಂಬವೇ ಮಾರಕ

ಕಬ್ಬೂರ (ಚಿಕ್ಕೋಡಿ ತಾ.): ಕ್ಯಾನ್ಸರ್‌ಗೆ ಬಡವ-ಬಲ್ಲಿದ, ಗಂಡು-ಹೆಣ್ಣು ಎಂಬ ಭೇದವಿಲ್ಲ ಎಂಬ ಮಾತು ಆರೋಗ್ಯ ಜಾಗೃತಿ ಸಭೆಗಳಲ್ಲಿ ತಪ್ಪದೇ ಕೇಳಿಬರುತ್ತದೆ. ದೇಶದ ಅಂಕಿ-ಅಂಶಗಳು ಈ ಮಾತನ್ನು ಅರ್ಧದಷ್ಟು ಮಾತ್ರ ಒಪ್ಪುತ್ತವೆ. ರೋಗ ಯಾರಿಗೂ ಬರಬಹುದು ಎಂಬುದು ನಿಜ. ಆದರೆ ಬಂದ ಮೇಲೆ ಯಾರು ಬದುಕುಳಿಯುತ್ತಾರೆ ಎಂಬುದನ್ನು ರೋಗಿಯ ಊರು, ಲಿಂಗ, ದಿನಗೂಲಿ ಹಾಗೂ ಸಮುದಾಯಗಳು ಬಹುಮಟ್ಟಿಗೆ ನಿರ್ಧರಿಸುತ್ತಿವೆ. ಬೆಂಗಳೂರಿನಿಂದ 500 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿರುವ ಕಬ್ಬೂರದಂಥ ಊರಿನಿಂದ ನೋಡಿದಾಗ ಈ ತಾರತಮ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕಬ್ಬು ಹಾಗೂ ತಂಬಾಕಿಗೆ ಹೆಸರಾದವು. ಇಲ್ಲಿನ ಹೊಲಗಳಲ್ಲಿ, ತಂಬಾಕಿನ ವಖಾರಿಗಳಲ್ಲಿ ದುಡಿಯುವವರಲ್ಲಿ ಮಹಿಳೆಯರ ಸಂಖ್ಯೆ ದೊಡ್ಡದು. ಇವರಲ್ಲಿ ಎಷ್ಟು ಮಂದಿಗೆ ಕ್ಯಾನ್ಸರ್ ಇದೆ, ಎಷ್ಟು ಮಂದಿ ಅದರಿಂದ ಗುಣಮುಖರಾದರು ಎಂದು ಕೇಳಿದರೆ ಮಾತ್ರ ಉತ್ತರಿಸಬಲ್ಲ ದಾಖಲೆಯೇ ಸಿಗುವುದಿಲ್ಲ.

ಎಣಿಕೆಯಲ್ಲೇ ಅಸಮಾನತೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಮರುವರ್ಷವೇ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ ನಗರದ ಜನಸಂಖ್ಯೆ ಆಧಾರಿತ ನೋಂದಣಿ ಪ್ರಾರಂಭವಾಯಿತು. ನಿರ್ದಿಷ್ಟ ಪ್ರದೇಶದ ನಿವಾಸಿಗಳಲ್ಲಿ ಪತ್ತೆಯಾಗುವ ಪ್ರತಿಯೊಂದು ಹೊಸ ಪ್ರಕರಣವನ್ನೂ ಆಸ್ಪತ್ರೆ, ಪ್ರಯೋಗಾಲಯ ಮತ್ತು ಮರಣ ದಾಖಲೆಗಳಿಂದ ಕಲೆಹಾಕುವುದು ಇದರ ಕೆಲಸ. 2012ರಿಂದ 2016ರವರೆಗಿನ ಅವಧಿಯನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯಲ್ಲಿ ಇಂಥ 28 ನೋಂದಣಿಗಳ ಮಾಹಿತಿ ಇತ್ತು. ಕರ್ನಾಟಕದಿಂದ ಅದರಲ್ಲಿ ಸ್ಥಾನ ಪಡೆದದ್ದು ಬೆಂಗಳೂರು ಮಾತ್ರ. 2011ರ ಜನಗಣತಿಯ ಪ್ರಕಾರ 47 ಲಕ್ಷಕ್ಕೂ ಅಧಿಕ ಜನಸಂಖ್ಯೆಯುಳ್ಳ ಬೆಳಗಾವಿ ಜಿಲ್ಲೆ ಆ ಲೆಕ್ಕದಲ್ಲಿ ಇರಲಿಲ್ಲ.

ಲೆಕ್ಕವಿರುವ ಕಡೆಗಳಲ್ಲಿ ಕಾಣುವ ಅಂತರ ಬೆರಗು ಹುಟ್ಟಿಸುವಂಥದು. ಅದೇ ವರದಿಯ ಪ್ರಕಾರ ಪುರುಷರಲ್ಲಿ ಅತಿ ಹೆಚ್ಚು ಪ್ರಮಾಣ ಕಂಡುಬಂದದ್ದು ಮಿಜೋರಾಂನ ಐಜಾಲ್ ಜಿಲ್ಲೆಯಲ್ಲಿ: ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿದ ಬಳಿಕ ಪ್ರತಿ ಲಕ್ಷಕ್ಕೆ 269.4. ಮಹಿಳೆಯರಲ್ಲಿ ಅರುಣಾಚಲ ಪ್ರದೇಶದ ಪಾಪುಂಪಾರೆ ಜಿಲ್ಲೆ ಮುಂದಿತ್ತು: 219.8. ಇದಕ್ಕೆ ತದ್ವಿರುದ್ಧವಾಗಿ, ಮಹಾರಾಷ್ಟ್ರದ ಉಸ್ಮಾನಾಬಾದ್ ಮತ್ತು ಬೀಡ್ ಜಿಲ್ಲೆಗಳ ಪ್ರಮಾಣ ಪುರುಷರಲ್ಲಿ 39.5, ಮಹಿಳೆಯರಲ್ಲಿ 49.4 ಮಾತ್ರ. ಒಂದೇ ದೇಶದೊಳಗೆ ಹೀಗೆ ಸುಮಾರು ನಾಲ್ಕೂವರೆಯಿಂದ ಏಳು ಪಟ್ಟಿನವರೆಗೆ ವ್ಯತ್ಯಾಸವಿದೆ. ತಂಬಾಕು ಸೇವನೆಯ ರೂಢಿ, ಆಹಾರ ಪದ್ಧತಿ, ಸೋಂಕುಗಳು, ಹೆರಿಗೆಯ ವಯಸ್ಸು ಹಾಗೂ ರೋಗ ಪತ್ತೆಯ ಸೌಲಭ್ಯ ಇವೆಲ್ಲವೂ ಇದಕ್ಕೆ ಕಾರಣಗಳು.

ಅಂತರ ಜಿಲ್ಲೆಗಳ ನಡುವೆ ಮಾತ್ರವಲ್ಲ, ಸಮುದಾಯಗಳ ನಡುವೆಯೂ ಉಂಟು. ಮುಂಬೈಯ ನೋಂದಣಿಯು ದಶಕಗಳ ಹಿಂದೆಯೇ ಪಾರ್ಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಇತರರಿಗಿಂತ ಹೆಚ್ಚೆಂದು, ಮುಸ್ಲಿಂ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಕಡಿಮೆಯೆಂದು ತೋರಿಸಿಕೊಟ್ಟಿತ್ತು. ಆದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ರೋಗಿಗಳು ಯಾವ ಹಂತದಲ್ಲಿ ಆಸ್ಪತ್ರೆಗೆ ಬರುತ್ತಾರೆ, ಎಷ್ಟು ಕಾಲ ಬದುಕುತ್ತಾರೆ ಎಂಬುದನ್ನು ರಾಷ್ಟ್ರೀಯ ವರದಿಗಳು ಪ್ರತ್ಯೇಕವಾಗಿ ಹೇಳುವುದಿಲ್ಲ. ಅಮೆರಿಕದಲ್ಲಿ ಜನಾಂಗವಾರು ಲೆಕ್ಕ ಪ್ರತಿವರ್ಷ ಪ್ರಕಟವಾಗುತ್ತದೆ. ಅಲ್ಲಿ ಕಪ್ಪು ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬರುವ ಪ್ರಮಾಣ ಬಿಳಿಯರಿಗಿಂತ ತುಸು ಕಡಿಮೆ ಇದ್ದರೂ ಅದರಿಂದಾಗುವ ಸಾವಿನ ಪ್ರಮಾಣ ಸುಮಾರು ಶೇ 40ರಷ್ಟು ಹೆಚ್ಚು ಎಂಬುದು ಬೆಳಕಿಗೆ ಬಂದದ್ದು ಇಂಥ ಲೆಕ್ಕದಿಂದಲೇ. ಲೆಕ್ಕವಿಲ್ಲದ ಕಡೆ ಅನ್ಯಾಯಕ್ಕೆ ಸಾಕ್ಷಿಯೂ ಇರುವುದಿಲ್ಲ.

ಬದುಕುಳಿಯುವ ಪ್ರಮಾಣ ಹೇಳುವುದೇನು?

ದೇಶದ 11 ನೋಂದಣಿಗಳ ವ್ಯಾಪ್ತಿಯಲ್ಲಿ 2012ರಿಂದ 2015ರ ನಡುವೆ ರೋಗ ಪತ್ತೆಯಾದ ಮಹಿಳೆಯರ ಬಗ್ಗೆ ನಡೆದ ಅಧ್ಯಯನಗಳು ಈ ವಿಷಯದಲ್ಲಿ ಮಹತ್ವದ ಮಾಹಿತಿ ಒದಗಿಸಿವೆ. ಸ್ತನ ಕ್ಯಾನ್ಸರ್ ಪತ್ತೆಯಾದ 5 ವರ್ಷಗಳ ಬಳಿಕವೂ ಬದುಕಿರುವವರ ಪ್ರಮಾಣ ಒಟ್ಟಾರೆ ಶೇ 66.4. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಇದು ಶೇ 51.7.

ಈ ಸರಾಸರಿಯನ್ನು ಬಿಡಿಸಿ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಮಿಜೋರಾಂ ಶೇ 74.9ರೊಂದಿಗೆ ಮುಂಚೂಣಿಯಲ್ಲಿದ್ದರೆ, ಅರುಣಾಚಲದ ಪಾಸಿಘಾಟ್ ಶೇ 41.9ರೊಂದಿಗೆ ಕೊನೆಯಲ್ಲಿದೆ. ಎರಡೂ ಈಶಾನ್ಯದ ಪ್ರದೇಶಗಳು. ಎರಡರಲ್ಲೂ ಬುಡಕಟ್ಟು ಸಮುದಾಯಗಳ ಸಂಖ್ಯೆಯೇ ದೊಡ್ಡದು. ರೋಗ ಬರುವುದಕ್ಕೆ ವಂಶ, ರೂಢಿಗಳು ಎಷ್ಟೇ ಕಾರಣವಾದರೂ, ರೋಗಿ ಉಳಿಯುವುದು-ಅಳಿಯುವುದನ್ನು ಜನಾಂಗದ ತಲೆಗೆ ಕಟ್ಟಲಾಗದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಅಹಮದಾಬಾದ್ ನಗರದ ಪ್ರಮಾಣ ಶೇ 61.5 ಇದ್ದರೆ ತ್ರಿಪುರಾದಲ್ಲಿ ಶೇ 31.6. ಅಂದರೆ ಒಂದೇ ಕಾಯಿಲೆಯ ರೋಗಿಗೆ, ವಾಸದ ಊರು ಬದಲಾದರೆ ಬದುಕುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತದೆ.

ಇದಕ್ಕಿಂತ ಮುಖ್ಯವಾದುದು ರೋಗದ ಹಂತ. ಗಡ್ಡೆ ಸ್ತನದಲ್ಲಷ್ಟೇ ಇರುವಾಗ ಪತ್ತೆಯಾದವರಲ್ಲಿ ಶೇ 81ರಷ್ಟು ಮಂದಿ 5 ವರ್ಷ ದಾಟುತ್ತಾರೆ. ಅಕ್ಕಪಕ್ಕದ ಭಾಗಗಳಿಗೆ ಹಬ್ಬಿದಾಗ ಪತ್ತೆಯಾದರೆ ಶೇ 65.5. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಉಳಿಯುವವರು ಶೇ 18.3 ಮಾತ್ರ. ಹೀಗಿದ್ದೂ, 2020ರ ರಾಷ್ಟ್ರೀಯ ವರದಿಯ ಪ್ರಕಾರ ಸ್ತನ ಕ್ಯಾನ್ಸರ್‌ನ ಶೇ 57, ಗರ್ಭಕಂಠದ ಕ್ಯಾನ್ಸರ್‌ನ ಶೇ 60 ಪ್ರಕರಣಗಳು ಆಸ್ಪತ್ರೆ ತಲುಪುವ ಹೊತ್ತಿಗೆ ರೋಗ ಸುತ್ತಮುತ್ತ ಬಲಿತಿರುತ್ತದೆ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ನಲ್ಲಿ ಈ ಪ್ರಮಾಣ ಶೇ 66.6.

ಕಬ್ಬೂರದಿಂದ ಹೊರಡುವ ದಾರಿ

ಈ ವಿಳಂಬ ಎಲ್ಲಿ, ಹೇಗೆ ಆಗುತ್ತದೆ ಎಂಬುದನ್ನು ಅರಿಯಲು ಕಬ್ಬೂರದ ಕೃಷಿ ಕೂಲಿಕಾರ ಮಹಿಳೆಯೊಬ್ಬಳ ದಾರಿಯನ್ನು ಊಹಿಸಿಕೊಳ್ಳಬಹುದು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತಸ್ರಾವ ಕಾಣಿಸಿಕೊಂಡರೆ ಅದು ಗರ್ಭಕಂಠದ ಕ್ಯಾನ್ಸರ್‌ನ ಸೂಚನೆಯಾಗಿರಬಹುದು. ಆದರೆ ಮೊದಲು ನಾಚಿಕೆ, ಅನಂತರ ಮನೆಯ ಕೆಲಸ, ಆ ಮೇಲೆ ಹೊಲದ ಹಂಗಾಮು ಅಡ್ಡ ಬರುತ್ತವೆ. ಸ್ಥಳೀಯವಾಗಿ ರಕ್ತ ನಿಲ್ಲುವ ಗುಳಿಗೆ ಪಡೆದು ಕೆಲವು ತಿಂಗಳು ಕಳೆಯುತ್ತವೆ. ಚಿಕ್ಕೋಡಿಗೆ ಹೋದರೆ ತಪಾಸಣೆ, ಬಯಾಪ್ಸಿ ಎಂಬ ತುಣುಕು ಪರೀಕ್ಷೆಗೆ ಮತ್ತೊಂದು ಊರು, ಅದರ ವರದಿಗೆ ಇನ್ನೊಂದು ದಿನದ ಕೂಲಿ ನಷ್ಟ.

ರೋಗ ಖಚಿತವಾದ ಮೇಲಿನ ಹಾದಿ ಇನ್ನೂ ದೀರ್ಘ. ಬಲಿತ ಗರ್ಭಕಂಠದ ಕ್ಯಾನ್ಸರ್‌ಗೆ ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯೇ ಪ್ರಧಾನ. ವಾರಕ್ಕೆ 5 ದಿನದಂತೆ ಸುಮಾರು 5 ವಾರ ಹೊರಗಿನಿಂದ ವಿಕಿರಣ, ಬಳಿಕ ದೇಹದೊಳಗೆ ಸಾಧನವಿಟ್ಟು ಕೊಡುವ ವಿಕಿರಣ, ಜತೆಗೆ ವಾರಕ್ಕೊಮ್ಮೆ ಔಷಧ. ಇಡೀ ಚಿಕಿತ್ಸೆ 8 ವಾರಗಳೊಳಗೆ ಮುಗಿಯಬೇಕು. ಎಳೆದಷ್ಟೂ ಫಲ ಕಡಿಮೆ. ಎರಡು ತಿಂಗಳು ಊರು ಬಿಟ್ಟು ಇರಬೇಕಾದ ಮಹಿಳೆಯ ಜತೆ ಯಾರು ಇರಬೇಕು, ಮನೆಯಲ್ಲಿ ಅಡುಗೆ ಯಾರು ಮಾಡಬೇಕು, ಎರಡು ಕೂಲಿಗಳ ನಷ್ಟ ಯಾರು ತುಂಬಬೇಕು ಎಂಬ ಪ್ರಶ್ನೆಗಳಿಗೆ ಯಾವ ವಿಮಾ ಕಾರ್ಡ್‌ನಲ್ಲೂ ಉತ್ತರವಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಬಹುಮಟ್ಟಿಗೆ ಇಲ್ಲಿಯೇ.

ಗಡಿಯೂ ತನ್ನ ಪಾಲಿನ ತೊಡಕು ಒಡ್ಡುತ್ತದೆ. ಕಾಗವಾಡ, ಅಥಣಿ, ರಾಯಬಾಗದ ಜನ ತಲೆಮಾರುಗಳಿಂದ ಚಿಕಿತ್ಸೆಗೆ ಮಿರಜ ಕಡೆಗೆ, ನಿಪ್ಪಾಣಿಯವರು ಕೊಲ್ಹಾಪುರದ ಕಡೆಗೆ ಮುಖ ಮಾಡಿದವರು. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಡಿ ರಾಜ್ಯದ ಸಾಮಾನ್ಯ ಬಸ್‌ಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದರೂ ಅಂತರರಾಜ್ಯ ಬಸ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಅದೇ ವರ್ಷ ಮಹಾರಾಷ್ಟ್ರ ತನ್ನ ಎಸ್‌.ಟಿ. ಬಸ್‌ಗಳಲ್ಲಿ ಮಹಿಳೆಯರಿಗೆ ಅರ್ಧ ದರ ಜಾರಿಗೊಳಿಸಿತು, ಅದೂ ತನ್ನ ಗಡಿಯೊಳಗೆ. 2023ರಲ್ಲಿಯೇ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಸಾಧಿಸುತ್ತಿರುವ ಕರ್ನಾಟಕದ 865 ಊರುಗಳಿಗೆ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಸ್ತರಿಸಲು ಮುಂದಾದಾಗ ಕರ್ನಾಟಕ ಅದನ್ನು ತೀವ್ರವಾಗಿ ವಿರೋಧಿಸಿತು. ವಿರೋಧಕ್ಕೆ ಗಡಿ ವಿವಾದದ ಹಿನ್ನೆಲೆಯಲ್ಲಿ ಅರ್ಥವಿದ್ದೇ ಇದೆ. ಆದರೆ ಗಡಿ ಭಾಗದ ರೋಗಿಗಳು ನೆರೆಯ ರಾಜ್ಯಕ್ಕೆ ಹೋಗಬೇಕಾದ ಸ್ಥಿತಿ ಏಕಿದೆ ಎಂಬ ಮೂಲ ಪ್ರಶ್ನೆ ಆ ವಾಗ್ವಾದದಲ್ಲಿ ಹಿಂದೆ ಸರಿಯಿತು.

ಚಿತ್ರ ಸಂಪೂರ್ಣ ಕಪ್ಪೂ ಅಲ್ಲ. ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಉತ್ತರ ಕರ್ನಾಟಕದ ರೋಗಿಗಳಿಗೆ ಹಳೆಯ ಆಸರೆ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುತ್ತದೆ. ಕೊನೆಯ ಹಂತದ ಚಿಕಿತ್ಸೆಗೆ ದಾರಿ ಹತ್ತಿರವಾಗಿದೆ. ಮೊದಲ ಹಂತದ ಪತ್ತೆಗೆ ದಾರಿ ಇನ್ನೂ ದೂರವೇ ಉಳಿದಿದೆ.

ಗಂಡಿಗೆ ಒಂದು, ಹೆಣ್ಣಿಗೆ ಇನ್ನೊಂದು

ಲಿಂಗ ತಾರತಮ್ಯದ ವಿಷಯದಲ್ಲಿ ಅಂಕಿ-ಅಂಶಗಳು ಮೇಲ್ನೋಟಕ್ಕೆ ವಿಚಿತ್ರವಾಗಿ ತೋರುತ್ತವೆ. 43 ನೋಂದಣಿಗಳ 2015ರಿಂದ 2019ರವರೆಗಿನ ಮಾಹಿತಿಯನ್ನು ಆಧರಿಸಿ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ಪ್ರಕರಣಗಳ ಪೈಕಿ ಶೇ 51.1 ಮಹಿಳೆಯರವು. ಸಾವುಗಳಲ್ಲಿ ಅವರ ಪಾಲು ಮಾತ್ರ ಶೇ 45. ಹಾಗಾದರೆ ಮಹಿಳೆಯರೇ ಮೇಲೆಂದು ತಿಳಿಯುವುದು ಸರಿಯಾಗದು. ಪುರುಷರನ್ನು ಹೆಚ್ಚಾಗಿ ಕಾಡುವ ಬಾಯಿ, ಶ್ವಾಸಕೋಶ, ಅನ್ನನಾಳದ ಕ್ಯಾನ್ಸರ್‌ಗಳು ತಂಬಾಕಿನ ಕೊಡುಗೆ ಮತ್ತು ಹೆಚ್ಚು ಮಾರಕ. ಮಹಿಳೆಯರಲ್ಲಿ ಮುಂದಿರುವ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು ಬೇಗ ಪತ್ತೆಯಾದರೆ ಗುಣವಾಗುವಂಥವು. ಅದರಲ್ಲೂ ಗರ್ಭಕಂಠದ್ದು ಬಾರದಂತೆ ತಡೆಯಬಹುದಾದುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಗರ್ಭಕಂಠದ ಕ್ಯಾನ್ಸರ್‌ನ 1.27 ಲಕ್ಷ ಹೊಸ ಪ್ರಕರಣಗಳು ಕಂಡುಬಂದು, ಸುಮಾರು 80 ಸಾವಿರ ಮಹಿಳೆಯರು ಮೃತಪಟ್ಟರು. ತಡೆಯಬಹುದಾದ ಕಾಯಿಲೆಗೆ ತೆತ್ತ ಬೆಲೆ ಇದು.

ತಾರತಮ್ಯ ಬಾಲ್ಯದಲ್ಲೇ ಶುರುವಾಗುತ್ತದೆ. ದೆಹಲಿ ಮತ್ತು ಚೆನ್ನೈ ಸೇರಿದಂತೆ ದೊಡ್ಡ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಆಸ್ಪತ್ರೆಗೆ ಬರುವ ಬಾಲಕರ ಸಂಖ್ಯೆ ಬಾಲಕಿಯರಿಗಿಂತ ಬಹಳ ಹೆಚ್ಚೆಂದು ತೋರಿಸಿತು. ಈ ಅಂತರ ದಕ್ಷಿಣಕ್ಕಿಂತ ಉತ್ತರ ಭಾರತದಲ್ಲಿ ಹೆಚ್ಚು. ಚಿಕಿತ್ಸೆ ದುಬಾರಿಯಾದಂತೆ ಅದು ಇನ್ನಷ್ಟು ಹಿಗ್ಗುತ್ತದೆ.

ತಂಬಾಕಿನ ವಿಷಯದಲ್ಲೂ ಗಡಿನಾಡಿನ ಮಹಿಳೆಯದು ಬೇರೆಯೇ ಕಥೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 35.2 ಪುರುಷರು, ಶೇ 10.3 ಮಹಿಳೆಯರು ತಂಬಾಕು ಬಳಸುತ್ತಾರೆ. ಮಹಿಳೆಯರಲ್ಲಿ ಧೂಮಪಾನ ವಿರಳ. ಅವರದು ಎಲೆ-ಅಡಿಕೆ ಜತೆಗಿನ ತಂಬಾಕು ಹಾಗೂ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿ. ಹಲ್ಲು ಗಟ್ಟಿಯಾಗುತ್ತದೆಂಬ ನಂಬಿಕೆಯಿಂದ ಅಂಟುವ ಮಿಶ್ರಿಯನ್ನು ಚಟವೆಂದು ಮನೆಯವರೂ ಎಣಿಸುವುದಿಲ್ಲ. ಹೊಗೆರಹಿತ ತಂಬಾಕು ಮತ್ತು ಅಡಿಕೆ ಎರಡೂ ಕ್ಯಾನ್ಸರ್‌ಕಾರಕಗಳೆಂದು ಅಂತರರಾಷ್ಟ್ರೀಯ ಸಂಸ್ಥೆ ಎರಡು ದಶಕಗಳ ಹಿಂದೆಯೇ ಘೋಷಿಸಿದೆ. ತಂಬಾಕು ಬೆಳೆಗಾರರ 1981ರ ಚಳವಳಿಯಿಂದ ದೇಶದ ಗಮನ ಸೆಳೆದ ನಿಪ್ಪಾಣಿಯಲ್ಲಿ ಬೆಲೆಯ ಪ್ರಶ್ನೆ, ಕೂಲಿಯ ಪ್ರಶ್ನೆ ಬೀದಿಗೆ ಬಂದವು. ತಂಬಾಕಿನ ಧೂಳಿನಲ್ಲಿ ದಿನ ಕಳೆಯುವ ಮಹಿಳೆಯರ ಆರೋಗ್ಯದ ಪ್ರಶ್ನೆಗೆ ಅಷ್ಟು ಮಹತ್ವ ದೊರೆಯಲಿಲ್ಲ.

ಕ್ಯಾನ್ಸರ್ ಭಯವೇ ಬಂಡವಾಳ

ಪತ್ತೆಯ ವ್ಯವಸ್ಥೆ ತಲುಪದ ಕಡೆಗೆ ಕ್ಯಾನ್ಸರ್‌ನ ಭಯ ಮಾತ್ರ ತಪ್ಪದೇ ತಲುಪಿದೆ. ಕಲಬುರ್ಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹಾಗೂ ದಲಿತ ಕೇರಿಗಳ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ಪ್ರಕರಣ 2015ರಲ್ಲಿ ರಾಜ್ಯದ ಗಮನ ಸೆಳೆದಿತ್ತು. ಹೊಟ್ಟೆ ನೋವು, ಬಿಳಿ ಸೆರಗು ಎಂದು ಹೋದವರಿಗೆ ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಲಾಯಿತು ಎಂಬುದು ಮಹಿಳೆಯರ ದೂರಾಗಿತ್ತು. ಕಬ್ಬು ಕಡಿಯಲು ಹೋಗುವ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಹಿಳೆಯರದೂ ಇದೇ ಪಾಡು. 2019ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿ ಸಮೀಕ್ಷೆಗೊಳಪಡಿಸಿದ 82,309 ಮಹಿಳೆಯರ ಪೈಕಿ 13,861 ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಮರಾಠವಾಡದಿಂದ ಬರುವ ಕಬ್ಬು ಕಡಿಯುವ ತಂಡಗಳು ಪ್ರತಿ ಹಂಗಾಮಿಗೂ ಬೆಳಗಾವಿ ಜಿಲ್ಲೆಯ ಹೊಲಗಳಲ್ಲೂ ಗುಡಿಸಲು ಹಾಕುತ್ತವೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರದ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಕ್ಯಾನ್ಸರ್ ತಪಾಸಣೆಯನ್ನೇ ಕಾಣದ ಸಮುದಾಯಗಳಲ್ಲಿ ಕ್ಯಾನ್ಸರ್‌ನ ಹೆಸರಿನಲ್ಲಿ ಗರ್ಭಕೋಶ ಕಳೆದುಕೊಳ್ಳುವವರು ಹೆಚ್ಚುವುದು ಸಾಮಾಜಿಕ ತಾರತಮ್ಯದ ಅತಿ ಕ್ರೂರ ರೂಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಒಳಗಾದವರು ಶೇ 1.9 ಮಾತ್ರ. ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ 0.9.

ಪರಿಹಾರ ನೆರೆಯಲ್ಲೇ ಇದೆ

ಗ್ರಾಮೀಣ ಮಹಿಳೆಯರಲ್ಲಿ ಈ ರೋಗವನ್ನು ತಡೆಯುವುದು ಅಸಾಧ್ಯವೇನಲ್ಲ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಗಡಿಯಾಚೆಯ ಹಳ್ಳಿಗಳೇ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಗ್ರಾಮೀಣ ಜನ ಆಸ್ಪತ್ರೆಗೆ ಬಾರದ ಕಾರಣ ಸಿಬ್ಬಂದಿಯೇ ಹಳ್ಳಿಗಳಿಗೆ ತೆರಳಿ, ಲಕ್ಷಣಗಳ ಬಗ್ಗೆ ತಿಳಿಹೇಳಿ, ಸಂಶಯವಿದ್ದವರನ್ನು ತಪಾಸಣೆಗೆ ಕರೆತರತೊಡಗಿದರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಆರಂಭಿಕ ಹಂತದಲ್ಲೇ ಪತ್ತೆಯಾಗುವ ಪ್ರಮಾಣ ಏರಿತು. ಎಣಿಸಲು ಹೋದವರೇ ಎಚ್ಚರಿಸುವವರೂ ಆದರು.

ಮುಂದೆ ಉಸ್ಮಾನಾಬಾದ್ ಜಿಲ್ಲೆಯ 30ರಿಂದ 59 ವರ್ಷದ 1,31,746 ಮಹಿಳೆಯರನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆಯಿತು. ಗರ್ಭಕಂಠದ ಕ್ಯಾನ್ಸರ್‌ಗೆ ಮೂಲವಾದ ಎಚ್‌ಪಿವಿ ವೈರಾಣುವಿನ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿದ ಗುಂಪಿನಲ್ಲಿ, ಈ ಕಾಯಿಲೆಯಿಂದಾಗುವ ಸಾವು ಸುಮಾರು ಅರ್ಧಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ಮುಂಬೈಯ ಕೊಳೆಗೇರಿಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ವಿನೆಗರ್ ದ್ರಾವಣ ಸವರಿ ಬರಿಗಣ್ಣಿನಿಂದ ನೋಡುವ ಅಗ್ಗದ ವಿಧಾನವೇ ಸಾವನ್ನು ಶೇ 31ರಷ್ಟು ತಗ್ಗಿಸಿತು. ತಿರುವನಂತಪುರದಲ್ಲಿ ನಡೆದ ಬಾಯಿ ತಪಾಸಣೆಯ ಪ್ರಯೋಗದಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರ ಪೈಕಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಕಡಿಮೆಯಾಯಿತು.

ಈ ಅರಿವಿನ ಆಧಾರದಲ್ಲೇ ಕೇಂದ್ರ ಸರ್ಕಾರ 2016ರಲ್ಲಿ 30 ವರ್ಷ ಮೀರಿದವರಿಗೆ 5 ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ನಡೆಸುವ ಮಾರ್ಗಸೂಚಿ ಹೊರಡಿಸಿತು. ರಾಜ್ಯದಲ್ಲಿ ಮನೆ ಬಾಗಿಲಿಗೇ ತಪಾಸಣೆ ಒಯ್ಯುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಯಿತು. ಎಚ್‌ಪಿವಿ ವಿರುದ್ಧ ಪುಣೆಯಲ್ಲೇ ತಯಾರಾದ ಲಸಿಕೆಯೂ 2023ರಿಂದ ಲಭ್ಯವಿದೆ. ಪುಟ್ಟ ಸಿಕ್ಕಿಂ 2018ರಲ್ಲಿಯೇ ತನ್ನ ಶಾಲೆಗಳ ಮೂಲಕ 9ರಿಂದ 13 ವರ್ಷದ ಶೇ 95ಕ್ಕೂ ಹೆಚ್ಚು ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ತಲುಪಿಸಿತ್ತು ಎಂಬುದು ಉಲ್ಲೇಖನೀಯ.

ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವುದರಿಂದ ಕಾಯಿಲೆಗೆ ಚಾರಿತ್ರ್ಯದ ಕಳಂಕ ಅಂಟಿಸುವವರಿದ್ದಾರೆ. ವಿವಾಹಿತ ಬದುಕು ನಡೆಸುವ ಬಹುಪಾಲು ಗಂಡು-ಹೆಣ್ಣುಗಳಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗಿಬಿಡುತ್ತದೆ ಎಂಬ ಸತ್ಯ ಊರಿನ ಮಹಿಳೆಯರಿಗೆ ತಲುಪದಿದ್ದರೆ ತಪಾಸಣೆಯ ಕೋಣೆ ಖಾಲಿಯೇ ಉಳಿಯುತ್ತದೆ.

ಆಗಬೇಕಾದ್ದು

ಹೊಸ ಯಂತ್ರ, ಹೊಸ ಕಟ್ಟಡಗಳ ಜತೆಗೆ ಮೂರು ಕೆಲಸಗಳು ತುರ್ತಾಗಿ ಆಗಬೇಕಿವೆ. ಮೊದಲನೆಯದು, ಬೆಳಗಾವಿ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳನ್ನು ಒಳಗೊಂಡ, ಮಿರಜ, ಕೊಲ್ಹಾಪುರದಲ್ಲಿ ಚಿಕಿತ್ಸೆ ಪಡೆಯುವವರನ್ನೂ ಎಣಿಸುವ ಕ್ಯಾನ್ಸರ್ ನೋಂದಣಿ. ಅದರಲ್ಲಿ ಸಮುದಾಯ, ರೋಗದ ಹಂತ, ಚಿಕಿತ್ಸೆ ಪೂರ್ಣಗೊಂಡಿತೇ ಎಂಬ ವಿವರಗಳು ದಾಖಲಾಗಿ ಪ್ರಕಟವಾಗಬೇಕು. ಎರಡನೆಯದು, ತಪಾಸಣೆಯಲ್ಲಿ ಸಂಶಯ ಕಂಡ ಮಹಿಳೆಯನ್ನು ಚೀಟಿ ಕೊಟ್ಟು ಕಳಿಸಿ ಕೈತೊಳೆದುಕೊಳ್ಳದೆ, ಬಯಾಪ್ಸಿಯ ವರದಿ ಹಾಗೂ ಚಿಕಿತ್ಸೆಯ ಕೊನೆಯ ದಿನದವರೆಗೆ ಬೆನ್ನು ಹತ್ತುವ ವ್ಯವಸ್ಥೆ. ಮೂರನೆಯದು, ವಿಕಿರಣ ಚಿಕಿತ್ಸೆಯ ಎರಡು ತಿಂಗಳಿಗೆ ರೋಗಿ ಮತ್ತು ಜತೆಗಾರರ ವಸತಿ, ಪ್ರಯಾಣ, ಕೂಲಿ ನಷ್ಟಕ್ಕೆ ಆಸರೆ. ಚಿಕಿತ್ಸೆ ನೆರೆ ರಾಜ್ಯದಲ್ಲಾದರೂ ಇದು ಅನ್ವಯಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2030ರೊಳಗೆ ಶೇ 90 ಬಾಲಕಿಯರಿಗೆ ಲಸಿಕೆ, ಶೇ 70 ಮಹಿಳೆಯರಿಗೆ ತಪಾಸಣೆ, ರೋಗ ಪತ್ತೆಯಾದವರಲ್ಲಿ ಶೇ 90 ಮಂದಿಗೆ ಚಿಕಿತ್ಸೆ ಎಂಬ ಗುರಿಯನ್ನು 2020ರಲ್ಲಿ ಜಗತ್ತಿನ ಮುಂದಿಟ್ಟಿದೆ. ಆ ಗುರಿಯತ್ತ ರಾಜ್ಯ ಎಷ್ಟು ಸಾಗಿದೆ ಎಂಬುದನ್ನು ಬೆಂಗಳೂರಿನ ಅಂಕಿ-ಅಂಶಗಳಿಂದ ಅಳೆದರೆ ಸಾಲದು. ಕಬ್ಬೂರದ ಕೂಲಿಕಾರ ಮಹಿಳೆಗೆ ಮೊದಲ ರಕ್ತಸ್ರಾವ ಕಂಡ ದಿನದಿಂದ ಚಿಕಿತ್ಸೆ ಆರಂಭವಾಗುವವರೆಗೆ ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದೇ ಸರಿಯಾದ ಅಳತೆಗೋಲು.